ಎರಡು ನಿಮಿಷ ಹತ್ತು ಸೆಕೆಂಡಿನ ಸಾಲ

ಕಳೆದ ಶನಿವಾರ ಬಾಗಲಕೋಟೆಯಲ್ಲಿ, ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ, ನಾವು ನಾಲ್ವರು ಮಾಡಿದ ಸಿನಿಮಾ ತೋರಿಸಿದರು. ಸಿನಿಮಾ ಅಂದರೆ ಪೂರ್ತಿ ಸಿನಿಮಾ ಅಲ್ಲ. ಒಂದು ಥ್ರಿಲ್ಲರ್‌ನ ಶುರು ಮಾತ್ರ, ಟೈಟಲ್ ಸೇರಿ ಎರಡು ನಿಮಿಷ ಹತ್ತು ಸೆಕೆಂಡ್. ಪತ್ರಿಕೋದ್ಯಮದ ಕೊನೇ ವರ್ಷದವರಿಗೆ ಕೊಟ್ಟ ಪ್ರಾಜೆಕ್ಟ್ ಅಷ್ಟೇ ಇತ್ತು. ಮುಂದಿನ ಕಥೆ ಏನು ಅಂತ ಶನಿವಾರದಿಂದ ಎಲ್ಲರೂ ಕೇಳುತ್ತಿದ್ದಾರೆ. ನಮಗೂ ಗೊತ್ತಿಲ್ಲ.

ನಮ್ಮ ಕನ್ನಡ ಸಿನಿಮಾಗಳಲ್ಲಿ ಶುರುವಿಗೇ ಪರದೆ ತುಂಬ 'ಕೃತಜ್ಞತೆಗಳು' ಅಂತ ಬರುತ್ತದಲ್ವಾ, ಓದಿ ಮುಗಿಸುವಷ್ಟರಲ್ಲಿ ಮಾಯವಾಗುತ್ತದೆ. ನಾವೂ ಒಂದು ಹಾಕಿದ್ದೆವು. ಹದಿನಾಲ್ಕು ಸಾಲು ಆಯಿತು. ಅದನ್ನು ಓದಿ ಮುಗಿಸಿದವರಿಗೆ ಆಮೇಲೆ ಅಂಜಿಕೆ ಹುಟ್ಟುವುದು ಸಾಧ್ಯವೇ ಇರಲಿಲ್ಲ. ಎಡಿಟಿಂಗ್‌ನಲ್ಲಿ ನಾನೇ ಅದನ್ನು ಕತ್ತರಿಸಿ ಬಿಸಾಕಿದೆ. ಆ ಸಾಲುಗಳನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂತ ಹೆಚ್ಚಿನವರು ಹೇಳಿದ್ದಾರೆ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಮೊದಲು ನಮ್ಮ ಮೇಡಂ. ನಾನು ಬರೆದ ಮೊದಲ ಕಥೆಯಲ್ಲಿ ಒಂದು ಬಂಗಲೆ, ಒಂದು ಕರೀ ಕಾರು, ಕೈಗವಸು ಹಾಕಿಕೊಂಡ ಕೊಲೆಗಾರ, ರಾತ್ರಿಯಿಡೀ ಮಳೆ. ಮೇಡಂ ಓದಿ, "ಬಂಗಲೆ ಯಾರದು? ಮಳೆ ಯಾರು ತರ್ತಾರ?" ಅಂದರು. ನಮ್ಮೂರಿನ ಮಳೆ ಗೊತ್ತಿದ್ದವರಿಗೆ ಇದರಲ್ಲಿ ಹೇಳುವುದೇನೂ ಉಳಿದಿಲ್ಲ. ಆಮೇಲೆ ಒಂದು ಕೆಲಸ ಕೊಟ್ಟರು. ನಿಮ್ಮ ಮನೆಯಲ್ಲಿ ಯಾವ ಸದ್ದು ತಟ್ಟನೆ ನಿಂತರೆ ಎಲ್ಲರೂ ತಿರುಗಿ ನೋಡುತ್ತಾರೆ, ಒಂದು ದಿನ ಕೂತು ಬರೆದುಕೊಂಡು ಬನ್ನಿ.

ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಟಪ್ ಟಪ್ ಟಪ್, ಹಿಟ್ಟು ಒಂದು ಸುತ್ತು ತಿರುಗುತ್ತದೆ, ಮತ್ತೆ ಟಪ್ ಟಪ್. ಇಪ್ಪತ್ತೊಂದು ವರ್ಷ ಈ ಸದ್ದು ಕೇಳಿಯೇ ಎದ್ದಿದ್ದೇನೆ, ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಅಷ್ಟರಲ್ಲಿ ಬೆಕ್ಕು ಬಂತು ಅಂತ ಅವ್ವ ಅರ್ಧಕ್ಕೇ ಕೈ ನಿಲ್ಲಿಸಿದಳು. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ತಲೆಯೆತ್ತದೆ, "ಯಾಕ, ಏನಾತು?" ಅಂದ. ನಮ್ಮ ಸಿನಿಮಾ ಸಿಕ್ಕಿತು.

ಕಥೆ ಇಷ್ಟು. ಹೊತ್ತು ಮುಳುಗುವ ಸಮಯ. ಹಳೇ ಮನೆ. ಹಿತ್ತಲ ಬಾಗಿಲು ತೆರೆದಿದೆ. ಅದಕ್ಕೆ ಬೆನ್ನು ಕೊಟ್ಟು ಒಬ್ಬಳು ರೊಟ್ಟಿ ಬಡಿಯುತ್ತಿದ್ದಾಳೆ. ಬಾಗಿಲ ಆಚೆ ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರು. ಮೂರನೇ ಮೆಟ್ಟಿಲ ಮೇಲೆ ಒಂದು ಹಸಿ ಹೆಜ್ಜೆ ಗುರುತು. ಅದು ನಮಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ಮೇಜಿನ ಕೆಳಗೆ ಬಾಂಬ್ ಇರುವುದು ನೋಡುವವರಿಗೆ ಮೊದಲೇ ಗೊತ್ತಿರಬೇಕು, ಕೂತು ಹರಟುವವರಿಗೆ ಗೊತ್ತಿರಬಾರದು ಅಂತ ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಹೇಳುತ್ತಿದ್ದ ಪಾಠವನ್ನು ಕ್ಲಾಸಿನಲ್ಲಿ ಕೇಳಿದ್ದೆವು. ನಮ್ಮ ಬಾಂಬ್ ಆ ಹೆಜ್ಜೆ. ಅವಳ ಕೈ ನಿಲ್ಲುತ್ತದೆ. ಎದ್ದು ಬಾಗಿಲಿಗೆ ಬರುತ್ತಾಳೆ. ಹೊರಗೆ ಯಾರೂ ಇಲ್ಲ, ಬರೀ ನೀರು. ಆಗ ಅವಳ ಹಿಂದೆ, ಒಳಗೆ, ಟಪ್ ಟಪ್ ಮತ್ತೆ ಶುರುವಾಗುತ್ತದೆ. ಪರದೆ ಕಪ್ಪು. ಟೈಟಲ್: 'ಮೂರನೇ ಮೆಟ್ಟಿಲು'.

ಇದಕ್ಕೆ ಮನೆ ಕೊಟ್ಟವರು ಹಳೇ ಬಾಗಲಕೋಟೆಯ ಒಬ್ಬ ಆಯಿ. ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ್ದಾರೆ, 26 ಗೇಟ್‌ನದು. ಅಲ್ಲಿ ನೀರು ನಿಂತರೆ ಹಿನ್ನೀರು ಘಟಪ್ರಭೆಯೊಳಗೆ ಹಿಂದಕ್ಕೆ ಬಂದು ನಮ್ಮೂರ ಮಗ್ಗುಲಿಗೆ ಮಲಗುತ್ತದೆ. ಹಳೇ ಊರಿನ ತಗ್ಗಿನ ಭಾಗ ಮುಳುಗಡೆ ಆಯಿತು, ಜನ ನವನಗರದ ಸೆಕ್ಟರ್‌ಗಳಿಗೆ ಹೋದರು. ಮೇಲಿನ ಭಾಗದಲ್ಲಿ ಇನ್ನೂ ಜನ ಇದ್ದಾರೆ. ಈಗ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ. 524.256 ಮೀಟರ್‌ವರೆಗೆ ನಿಲ್ಲಿಸಬಹುದು ಅಂತ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು. ಅಂದಿನಿಂದ '524' ಅನ್ನುವುದು ಇಲ್ಲಿ ಒಂದು ಮಾತೇ ಆಗಿಬಿಟ್ಟಿದೆ. ಶಾಲೆ ಮೆಟ್ಟಿಲು ಹತ್ತದ ಮುದುಕರೂ ಪಾಯಿಂಟ್ ಎರಡು ಐದು ಆರು ಅಂತ ತಪ್ಪದೆ ಹೇಳುತ್ತಾರೆ.

ಆಯಿ ಮನೆಯ ಹಿತ್ತಲಲ್ಲಿ ಹನ್ನೊಂದು ಮೆಟ್ಟಿಲು. ಬೇಸಿಗೆಯಲ್ಲಿ ಹನ್ನೊಂದೂ ಕಾಣುತ್ತವೆ, ಅದರ ಕೆಳಗೆ ಒಡೆದ ಕೆಸರು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಇಲ್ಲಿ ಒಂದು ಹನಿ ಬೀಳದೆಯೇ ಮೆಟ್ಟಿಲು ಒಂದೊಂದಾಗಿ ಕಾಣೆಯಾಗುತ್ತವೆ. ನಾವು ಕೇಳಲು ಹೋದಾಗ ಆಯಿ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದರು. ಕಥೆ ಹೇಳಿದೆವು. ಕೊನೆಯಲ್ಲಿ ಹಿಂದಿನಿಂದ ರೊಟ್ಟಿ ಸದ್ದು ಬರುತ್ತದೆ ಅಂದಾಗ ಶೇಂಗಾ ಬಾಯಿಗೆ ಹಾಕಿಕೊಂಡು, "ಯಾರೋ ಬಡಿಯಾಕತ್ತಾರಂದ್ರ ಚಲೋ ಆತಲ್ಲ ತಂಗಿ. ಅಷ್ಟ ಕೆಲಸ ಹಗರಾತು" ಅಂದರು. ನನ್ನ ಥ್ರಿಲ್ಲರ್ ಅಲ್ಲೇ ಸತ್ತು ಹೋಗಬೇಕಿತ್ತು. ಮನೆ ಮಾತ್ರ ಕೊಟ್ಟರು. ಎರಡು ರವಿವಾರ. ಒಂದು ರೂಪಾಯಿ ತಗೊಳ್ಳಲಿಲ್ಲ.

ಎರಡು ರವಿವಾರ ಯಾಕೆ ಬೇಕಾಯಿತು ಅಂದರೆ ಅದು ನನ್ನ ತಪ್ಪು. ಮೊದಲ ದಿನದ ಶೂಟಿಂಗ್ ಮುಗಿಸಿ ಮನೆಗೆ ಬಂದೆ. ಕ್ಲಿಪ್‌ಗಳನ್ನು ಲ್ಯಾಪ್‌ಟಾಪ್‌ಗೆ ಹಾಕಿದೆ ಅಂತ ಅಂದುಕೊಂಡು ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಅರ್ಧ ಮಾತ್ರ ಕಾಪಿ ಆಗಿತ್ತು. ಒಳಗಿನ ಶಾಟ್‌ಗಳೆಲ್ಲ ಇದ್ದವು, ಮೆಟ್ಟಿಲಿನವು ಒಂದೇ ಒಂದು ಬಿಟ್ಟು ಎಲ್ಲ ಹೋಗಿದ್ದವು. ರಾತ್ರಿ ಒಂದು ಗಂಟೆಗೆ ನಮ್ಮ ಕ್ಯಾಮೆರಾ ಹುಡುಗನಿಗೆ ಫೋನ್ ಮಾಡಿ ಅತ್ತೆ. ಅವನು ಬೈಯಲಿಲ್ಲ. "ಮತ್ತ ತಗಿಯೂಣು, ಮಲಕೋ" ಅಂದ. ದೋಸ್ತ, ಅವತ್ತು ನೀನು ಬೈದಿದ್ದರೆ ನಾನು ಪ್ರಾಜೆಕ್ಟ್ ಬಿಟ್ಟೇ ಬಿಡುತ್ತಿದ್ದೆ. ಇದನ್ನು ನಿನಗೆ ಎದುರಿಗೆ ಹೇಳಲು ಆಗಲಿಲ್ಲ.

ಮುಂದಿನ ರವಿವಾರ ಹೋದರೆ ನೀರು ಎರಡು ಮೆಟ್ಟಿಲು ಏರಿತ್ತು. ಮೊದಲ ವಾರ ಬಾಗಿಲಿನಿಂದ ತೆಗೆದಿದ್ದ ಒಂದೇ ಒಂದು ದೂರದ ಶಾಟ್ ಉಳಿದಿತ್ತು, ಅದರಲ್ಲಿ ಐದು ಮೆಟ್ಟಿಲು. ಈಗ ಕಣ್ಣೆದುರಿಗೆ ಮೂರು. ಸಿನಿಮಾದಲ್ಲಿ ಇವೆರಡರ ನಡುವೆ ಒಂದು ನಿಮಿಷ ಕೂಡ ಇಲ್ಲ. ನಾವು ನಾಲ್ವರೂ ತಲೆ ಮೇಲೆ ಕೈ ಹೊತ್ತು ಕೂತೆವು. ಎಡಿಟಿಂಗ್‌ನಲ್ಲಿ ಎರಡನ್ನೂ ಇಟ್ಟೆ. ಮೊದಲು ಐದು, ಆಮೇಲೆ ಮೂರು, ನಡುವೆ ರೊಟ್ಟಿ ಬಡಿಯುವ ಕೈ. ಹಾಲ್‌ನಲ್ಲಿ ಮುಂದಿನ ಸಾಲಿನವರು "ಏ, ನೀರು!" ಅಂದರು. ಅದನ್ನು ನಾವು ಮೊದಲೇ ಯೋಚಿಸಿ ಮಾಡಿದ್ದು ಅಂತ ಪ್ರಶ್ನೋತ್ತರದಲ್ಲಿ ಹೇಳಿದೆ. ಸುಳ್ಳು. ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಆ ಕೈ ನಮ್ಮ ನಾಯಕಿಯದಲ್ಲ. ಅವಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಒಂದು ವಾರ ಕಲಿತಳು, ಪ್ರತಿ ರೊಟ್ಟಿಯೂ ಹಂಚಿಗೆ ಹೋಗುವ ಮುಂಚೆಯೇ ಹರಿಯಿತು. ನವನಗರದಲ್ಲಿ ನಾವು ಊಟ ಮಾಡುವ ಖಾನಾವಳಿಯ ಅಕ್ಕಾರು ಮಧ್ಯಾಹ್ನದ ಊಟದ ಗದ್ದಲ ಮುಗಿಸಿ, ತಮ್ಮದೇ ಹಿಟ್ಟು ಕಟ್ಟಿಕೊಂಡು ಆಟೋದಲ್ಲಿ ಹಳೇ ಊರಿಗೆ ಬಂದರು. ಕ್ಯಾಮೆರಾ ಅವರ ಕೈಯಿಂದ ಒಂದು ಗೇಣು ದೂರ. ಹೆಬ್ಬೆರಳ ಬುಡದಲ್ಲಿ ಹಂಚು ತಾಗಿ ಸುಟ್ಟ ಕಲೆ, ಉಗುರಿನ ಸಂದಿಯಲ್ಲಿ ಹಿಟ್ಟು. ಒಂದು ಉಂಡೆ ಅಂಗೈಯಷ್ಟಾಗಿ, ತಟ್ಟೆಯಷ್ಟಾಗಿ, ಅಂಚು ಎಲ್ಲೂ ಸೀಳದೆ ಹರಡುತ್ತಾ ಹೋಯಿತು. ಇಲ್ಲಿ ತಟ್ಟನೆ ನಿಲ್ಲಿಸಬೇಕು ಅಕ್ಕಾ ಅಂದರೆ ಅವರಿಗೆ ಆಗಲೇ ಇಲ್ಲ. "ಕೈ ನಿಂದ್ರಂಗಿಲ್ಲವಾ, ಅದರ ಪಾಡಿಗೆ ಅದು ಹೊಕ್ಕೈತಿ" ಅಂದರು. ಎಂಟನೇ ಟೇಕ್‌ಗೆ ನಿಂತಿತು. ಬಡಿದ ರೊಟ್ಟಿಯನ್ನೆಲ್ಲ ಬೇಯಿಸಿ ನಮಗೇ ತಿನ್ನಿಸಿದರು, ಶೇಂಗಾ ಚಟ್ನಿ ಆಯಿ ಮನೆಯದು.

ಅಕ್ಕಾರ ಕೈ ತುಂಬ ಹಸಿರು ಬಳೆ. ನಾಯಕಿ ಕೈಯಲ್ಲಿ ಒಂದೂ ಇರಲಿಲ್ಲ. ಓಡಿ ಹೋಗಿ ಬಳೆ ತಂದು ಹಾಕಿಸಿದೆವು. ಆದರೂ ಒಂದು ಶಾಟ್‌ನಲ್ಲಿ ಆರು, ಇನ್ನೊಂದರಲ್ಲಿ ನಾಲ್ಕು. ಜೂನಿಯರ್ ಒಬ್ಬಳು ಎದ್ದು ನಿಂತು ಎಣಿಸಿ ಹೇಳಿದಳು. ಮೇಡಂ ಎರಡು ಮಾರ್ಕ್ಸ್ ಕಡಿಮೆ ಮಾಡಿದರು. ಮೆಟ್ಟಿಲು ಯಾರೂ ತಪ್ಪು ಅನ್ನಲಿಲ್ಲ, ಬಳೆ ಮಾತ್ರ ಸಿಕ್ಕಿಬಿತ್ತು.

ಸದ್ದಿನ ವಿಷಯದಲ್ಲಿ ನನ್ನ ಸಾಲ ಎಲ್ಲಕ್ಕಿಂತ ಜಾಸ್ತಿ. ಕಲ್ಲಿನ ಗೋಡೆಯ ಮನೆ, ಮಾತಾಡಿದರೆ ಗುಂಯ್ ಅನ್ನುತ್ತದೆ. ಓಣಿಯ ಮೂರು ಮನೆಯವರು ಕೌದಿ ಕೊಟ್ಟರು. ಗೋಡೆಗೆಲ್ಲ ಕೌದಿ ಇಳಿಬಿಟ್ಟೆವು, ಗುಂಯ್ ನಿಂತಿತು. ಆದರೆ ಹೊರಗೆ ನೀರಿನ ಅಂಚಿಗೆ ಒಂದು ಮೋಟಾರ್ ಓಡುತ್ತಿತ್ತು, ಕಬ್ಬಿಗೆ ನೀರೆತ್ತುವುದು. ಕೌದಿಗೆ ಅದು ಜಗ್ಗುವುದಿಲ್ಲ. ಕಾಕಾನ ಹತ್ತಿರ ಹೋಗಿ ಸ್ವಲ್ಪ ಬಂದ್ ಮಾಡುತ್ತೀರಾ ಅಂತ ಕೇಳಿದೆವು. ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ತಾಸು ಇರುತ್ತದೆ, ಒಕ್ಕಲುತನದ ಮನೆಯವರಿಗೆ ಒಂದೊಂದು ನಿಮಿಷವೂ ಲೆಕ್ಕ. ನಾನೇ ರೈತನ ಮಗಳು, ಕೇಳುವಾಗ ನಾಚಿಕೆಯಾಯಿತು. ಕಾಕಾ ನಮ್ಮನ್ನು ಒಂದು ಸಲ, ಕಬ್ಬನ್ನು ಒಂದು ಸಲ ನೋಡಿ ಸ್ಟಾರ್ಟರ್‌ನ ಕೆಂಪು ಗುಂಡಿ ಒತ್ತಿದರು. ಇಪ್ಪತ್ತು ನಿಮಿಷ. ಆ ಮೌನದಲ್ಲಿ ರೆಕಾರ್ಡ್ ಮಾಡಿದ ಟಪ್ ಟಪ್ ನೀವು ಕೇಳಿದ್ದು. ಅಷ್ಟು ಹೊತ್ತೂ ಕಾಕಾ ಬದುವಿನ ಮೇಲೆ ಕೂತು ಬೀಡಿ ಕೂಡ ಹಚ್ಚಲಿಲ್ಲ, ಕಡ್ಡಿ ಗೀರಿದರೆ ಸದ್ದಾಗುತ್ತದೆ ಅಂತ.

ಫೋಟೋ ಸ್ಟುಡಿಯೋದ ಅಣ್ಣನಿಗೆ. ಟ್ಯೂಬ್‌ಲೈಟ್ ಹಾಕಿದರೆ ಮೊಬೈಲ್ ಪರದೆಯ ಮೇಲೆ ಕರೀ ಪಟ್ಟೆ ಓಡುತ್ತಿದ್ದವು. ಫೋನಿನಲ್ಲೇ ಹೇಳಿದಿರಿ: ಫ್ರೇಮ್ 25 ಇಡು, ಶಟರ್ ಐವತ್ತನೇ ಒಂದು ಸೆಕೆಂಡ್ ಇಡು. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಈ ಲೆಕ್ಕ ಇಟ್ಟರೆ ಪ್ರತಿ ಫ್ರೇಮ್‌ಗೂ ಸರಿಯಾಗಿ ಎರಡು ಮಿಣುಕು ಸಿಕ್ಕುತ್ತವೆ. ಪಟ್ಟೆ ಮಾಯ. ಕೊನೆಗೆ ಟ್ಯೂಬ್‌ಲೈಟ್ ಬೇಡ ಅಂತ ಕಂದೀಲು ಇಟ್ಟೆವು, ಆ ಮಾತು ಬೇರೆ.

ಡಿಟಿಪಿ ಅಂಗಡಿಯ ಮಾವನಿಗೆ. 'ಮೆಟ್ಟಿಲು' ಅಂತ ಟೈಪ್ ಮಾಡಿದರೆ ಎಡಿಟಿಂಗ್ ಸಾಫ್ಟ್‌ವೇರ್ ಒತ್ತಕ್ಷರವನ್ನು ಒಡೆದು ಪಕ್ಕಕ್ಕೆ ಎಸೆಯುತ್ತಿತ್ತು. ಎರಡು ದಿನ ಫಾಂಟ್ ಬದಲಿಸಿ ಬದಲಿಸಿ ಸಾಕಾಯಿತು. ಮಾವ ಬಂದು ಸೆಟ್ಟಿಂಗ್ಸ್ ಒಳಗೆ ಹೋಗಿ, ಅಕ್ಷರ ಜೋಡಿಸುವ ಎಂಜಿನ್ ಅನ್ನು ದಕ್ಷಿಣ ಏಷ್ಯಾದ ಭಾಷೆಗಳದಕ್ಕೆ ಬದಲಿಸಿದರು. ಒತ್ತು ತನ್ನ ಜಾಗಕ್ಕೆ ಬಂದು ಕೂತಿತು. "ಲಗ್ನಪತ್ರಿಕಿ ಮಾಡಿ ಮಾಡಿ ಇದೆಲ್ಲ ನೋಡೀನಿ" ಅಂದರು.

ನಮ್ಮ ಖಳನಾಯಕ ಸಿನಿಮಾದಲ್ಲಿ ಒಂದು ಹಸಿ ಹೆಜ್ಜೆಯಷ್ಟೇ ಇದ್ದಾನೆ. ಅದಕ್ಕೂ ರೇನ್‌ಕೋಟ್ ಹಾಕಿಕೊಂಡು ಬಂದಿದ್ದ. ಮೋಡವೇ ಇಲ್ಲದ ಸಂಜೆ ರೇನ್‌ಕೋಟ್ ಹಾಕಿ ಹಿತ್ತಲ ಸಂದಿಯಲ್ಲಿ ನಿಂತವನನ್ನು ಓಣಿಯ ಹುಡುಗರು ಹಿಡಿದು ಕಟ್ಟೆಗೆ ಕೂರಿಸಿದರು. ನಾವು ಹೋಗಿ ಬಿಡಿಸಿಕೊಳ್ಳುವಷ್ಟರಲ್ಲಿ ಅವನಿಗೆ ಎರಡು ಚಹಾ ಆಗಿತ್ತು. ಹಿಡಿದದ್ದಕ್ಕೂ ಚಹಾಕ್ಕೂ ಥ್ಯಾಂಕ್ಸ್.

ಶನಿವಾರ ಆಯಿಯನ್ನೂ ಕರೆದುಕೊಂಡು ಬಂದಿದ್ದೆವು. ಮುಂದಿನ ಸಾಲಿನಲ್ಲಿ, ಇಳಕಲ್ ಸೀರೆ ಉಟ್ಟು, ಮೊಮ್ಮಗನ ಪಕ್ಕ ಕೂತಿದ್ದರು. ಹಾಲ್ ಕತ್ತಲಾಯಿತು. ಹಿಂದಿನಿಂದ ಟಪ್ ಟಪ್ ಬಂದಾಗ ಒಬ್ಬಿಬ್ಬರು ಚೀರಿದರು, ನನಗೆ ಅದೇ ಬೇಕಿತ್ತು. ದೀಪ ಹತ್ತಿದ ಮೇಲೆ ಆಯಿ ಹತ್ತಿರ ಹೋದೆ. ಅವರು ಅಂಜಿರಲಿಲ್ಲ. ಬೇಜಾರಾದವರ ಹಾಗೆ ನನ್ನ ಕೈ ಹಿಡಿದು ಕೂರಿಸಿಕೊಂಡರು.

"ನೀರು ಮೂರನೇ ಮೆಟ್ಲಿಗೆ ಬಂದಿತ್ತಲ್ಲ ತಂಗಿ, ಹಿಟ್ಟಿನ ಡಬ್ಬಿ ಆಕಿ ನೆಲದ ಮ್ಯಾಲ ಯಾಕ ಇಟ್ಟಾಳ?"

ಅದು ಆಯಿಯದೇ ಡಬ್ಬಿ. ಅಟ್ಟದ ಮೇಲೆ ಇತ್ತು. ಫ್ರೇಮ್ ಖಾಲಿ ಕಾಣುತ್ತದೆ ಅಂತ ನಾನೇ ಇಳಿಸಿ ನೆಲಕ್ಕೆ ಇಟ್ಟಿದ್ದೆ. ಎರಡು ರವಿವಾರ ಆ ಮನೆಯಲ್ಲಿ ಓಡಾಡಿದರೂ, ಹಿಟ್ಟು, ಕಾಳು, ಕಾಗದಪತ್ರದ ಪೆಟ್ಟಿಗೆ ಎಲ್ಲವೂ ಎದೆ ಮಟ್ಟಕ್ಕಿಂತ ಮೇಲೆಯೇ ಯಾಕಿವೆ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಆಯಿ, ಇದನ್ನು ನಿಮ್ಮ ಮೊಮ್ಮಗ ಓದಿ ಹೇಳುತ್ತಾನೆ ಅಂದಿದ್ದಾನೆ. ನಾವು ಒಡೆದ ಕಂದೀಲಿನ ಗಾಜು ಬಜಾರದಲ್ಲಿ ಮೂರು ಅಂಗಡಿ ತಿರುಗಿದ ಮೇಲೆ ಸಿಕ್ಕಿತು. ಅಳತೆ ಸರಿ ಇದೆ, ನಾನೇ ನೋಡಿದ್ದೇನೆ. ರವಿವಾರ ತಂದು ಕೊಡುತ್ತೇನೆ. ಡಬ್ಬಿಯನ್ನು ತಿರುಗಿ ಅಟ್ಟಕ್ಕೆ ಇಟ್ಟಿದ್ದೆವೋ ಇಲ್ಲವೋ ನೆನಪಾಗುತ್ತಿಲ್ಲ, ಇಲ್ಲದಿದ್ದರೆ ನೀವು ಎತ್ತಲು ಹೋಗಬೇಡಿ, ನಾನು ಬಂದು ಇಡುತ್ತೇನೆ.