ಡಿಸ್ಕ್ ಗಾಲ್ಫ್‌ಗೆ ಓಟದ ಶೂ ಸಾಲದು

ಮಾನ್ಯ ಸಂಪಾದಕರೇ,

ಓದಲೆಂದು ಅಮೆರಿಕಕ್ಕೆ ಹೊರಟ ಮಕ್ಕಳು ಸೂಟ್‌ಕೇಸಿಗೆ ಏನೇನು ತುಂಬಿಕೊಳ್ಳಬೇಕು ಎಂಬ ಬರಹಗಳು ಜುಲೈ ಬಂತೆಂದರೆ ಪತ್ರಿಕೆಗಳಲ್ಲಿ ಕಾಣುತ್ತವೆ. ಅವುಗಳಲ್ಲಿ ಬಿಟ್ಟುಹೋಗುವ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತಿದ್ದೇವೆ. ಅಲ್ಲಿನ ಸಾರ್ವಜನಿಕ ಪಾರ್ಕುಗಳಲ್ಲಿ ಡಿಸ್ಕ್ ಗಾಲ್ಫ್ ಅಂಕಣಗಳಿವೆ. ಹಲವು ಕಡೆ ಶುಲ್ಕವೂ ಇಲ್ಲ. ಕೈಯಲ್ಲಿ ಎರಡು ಡಿಸ್ಕ್ (ತಟ್ಟೆಯಾಕಾರದ ಪ್ಲಾಸ್ಟಿಕ್ ಬಿಲ್ಲೆ) ಇದ್ದರೆ ಆಟ ಶುರು ಮಾಡಬಹುದು. ಡಿಸ್ಕ್ ಕೊಳ್ಳುವಾಗ ತಾಸುಗಟ್ಟಲೆ ವಿಚಾರಿಸುವ ಹೊಸಬರು ಕಾಲಿಗೆ ಮಾತ್ರ ಮನೆಯಲ್ಲಿದ್ದ ಓಟದ ಶೂ ಸಿಕ್ಕಿಸಿಕೊಂಡು ಬಂದುಬಿಡುತ್ತಾರೆ. ಉಳುಕಿದ ಕಣಕಾಲು, ನೋಯುವ ಮಂಡಿ, ಕಪ್ಪಾದ ಉಗುರಿಗೆ ಎಷ್ಟೋ ಸಲ ಅದೇ ಕಾರಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕಂಬಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಡಿಸ್ಕ್ ಬೀಳಿಸಬೇಕು. ಮೊದಲ ಕಾಯಂ ಅಂಕಣವನ್ನು ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನಾ ಪಕ್ಕದ ಓಕ್ ಗ್ರೋವ್ ಪಾರ್ಕಿನಲ್ಲಿ ಮಾಡಿದರು. 18 ಬುಟ್ಟಿ ಮುಗಿಸುವಷ್ಟರಲ್ಲಿ ಐದಾರು ಕಿಲೋಮೀಟರ್ ನಡಿಗೆ ಆಗುತ್ತದೆ, ಅದೂ ಕಾಂಕ್ರೀಟು, ಹುಲ್ಲು, ಬೇರು, ಇಳಿಜಾರುಗಳ ಮೇಲೆ.

ಓಟದ ಶೂ ಮುಂದಕ್ಕೆ ಹೋಗುವ ಕಾಲಿಗೆಂದು ಮಾಡಿದ್ದು. ಡಿಸ್ಕ್ ಎಸೆಯುವಾಗ ಕಾಲು ಅಡ್ಡಕ್ಕೆ ಚಲಿಸಿ, ತಟ್ಟನೆ ನಿಂತು, ನಿಂತಲ್ಲೇ ತಿರುಗುತ್ತದೆ. ಬಲಗೈಯವರ ಬ್ಯಾಕ್‌ಹ್ಯಾಂಡ್ ಎಸೆತ (ತೋಳನ್ನು ಎದೆಯ ಮುಂದಿನಿಂದ ಅಡ್ಡಕ್ಕೆ ಎಳೆದು ಎಸೆಯುವುದು) ನೋಡಿ: ಬಲಗಾಲು ಒಂದು ಹೆಜ್ಜೆ, ಎಡಗಾಲು ಅದರ ಹಿಂದಿನಿಂದ ದಾಟಿ ಇನ್ನೊಂದು, ಆಮೇಲೆ ಬಲಗಾಲು ಗಟ್ಟಿಯಾಗಿ ಊರುತ್ತದೆ. ಓಡಿ ಬಂದ ದೇಹದ ವೇಗವನ್ನೆಲ್ಲ ಆ ಒಂದು ಪಾದದ ಹೊರ ಅಂಚು ತಡೆಯಬೇಕು. ಅಡಿಯಲ್ಲಿ ಮೆತ್ತನೆಯ ದಪ್ಪ ಫೋಮ್ ಇದ್ದರೆ ಹೊರಗಡೆಗೆ ಕುಸಿದು ಕಣಕಾಲು ಮಗುಚುತ್ತದೆ. ಹಾಗಾಗಿ ಅಟ್ಟೆ ನೆಲಕ್ಕೆ ಹತ್ತಿರ ಇರಲಿ, ಅಗಲವಾಗಿರಲಿ. ಹಿಮ್ಮಡಿಗೂ ಮುಂಗಾಲಿಗೂ ಎತ್ತರದ ವ್ಯತ್ಯಾಸ 4ರಿಂದ 8 ಮಿ.ಮೀ. ಇದ್ದರೆ ಸಾಕು.

ಇನ್ನು ಹಿಡಿತದ ಪ್ರಶ್ನೆ. ಅಂಗಡಿಯವರು ‘ಗ್ರಿಪ್ ಜಾಸ್ತಿ ಇರೋದು ಕೊಡ್ತೀನಿ’ ಅನ್ನುತ್ತಾರೆ. ಈ ಆಟದಲ್ಲಿ ಹಿಡಿತ ಅತಿಯಾದರೂ ಅಪಾಯ. ಡಿಸ್ಕ್ ಕೈಬಿಟ್ಟ ಕ್ಷಣ ಊರಿದ ಕಾಲಿನ ಭಾರ ಹಿಮ್ಮಡಿಗೆ ಬಂದು, ಬೆರಳುಗಳು ಮೇಲೆದ್ದು, ಪಾದ ಬುಗುರಿಯಂತೆ ಗುರಿಯ ಕಡೆ ತಿರುಗಬೇಕು. ಆಳವಾದ ಹಲ್ಲುಗಳಿರುವ ಅಟ್ಟೆ ನೆಲವನ್ನು ಕಚ್ಚಿಕೊಂಡರೆ ಪಾದ ನಿಲ್ಲುತ್ತದೆ, ಸೊಂಟ ತಿರುಗುತ್ತದೆ. ನಡುವೆ ಸಿಕ್ಕುವುದು ಮಂಡಿ. ಅದರೊಳಗಿನ ಲಿಗಮೆಂಟಿಗೂ (ಎಲುಬುಗಳನ್ನು ಬಿಗಿದಿಡುವ ಪಟ್ಟಿ) ಮೆನಿಸ್ಕಸ್‌ಗೂ (ಎಲುಬುಗಳ ನಡುವಿನ ಮೆತ್ತೆ) ಪೆಟ್ಟಾಗುವುದು ಈ ತಿರುಚುವಿಕೆಯಿಂದ. ಹುಲ್ಲುಹಾಸಿನಂಥ ಕೃತಕ ಟರ್ಫ್ ಹಾಕಿದ ಟೀ ಕಟ್ಟೆಗಳಲ್ಲಿ (ಮೊದಲ ಎಸೆತ ಎಸೆಯುವ ಜಾಗ) ಇದು ಇನ್ನೂ ಹೆಚ್ಚು. 5 ಮಿ.ಮೀ. ಹಲ್ಲು ಟರ್ಫಿನ ಎಳೆಗಳೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ.

ಆದ್ದರಿಂದ ನೆಲ ನೋಡಿ ಶೂ ಆರಿಸಿ. ಒಣ ಕಾಂಕ್ರೀಟಿಗೆ ನಮ್ಮ ಮೊದಲ ಆಯ್ಕೆ ಹಾರ್ಡ್ ಕೋರ್ಟ್ ಟೆನಿಸ್ ಶೂ. ಅಡ್ಡ ಚಲನೆಗೆಂದೇ ಮಾಡಿದ್ದು, ಹಾವಿನ ನಡೆಯ ಗೆರೆಗಳ ಅಟ್ಟೆ ಹಿಡಿಯುತ್ತದೆ, ತಿರುಗಲೂ ಬಿಡುತ್ತದೆ. ಮಣ್ಣು, ಹುಲ್ಲು, ಇಳಿಜಾರು ಹೆಚ್ಚಿರುವ ಅಂಕಣಕ್ಕೆ 3–4 ಮಿ.ಮೀ. ಹಲ್ಲಿನ, ಕಾಡುದಾರಿಗೆಂದು ಮಾಡಿದ ಟ್ರೇಲ್ ಶೂ ಅಥವಾ ಕೆಳಕಟ್ಟಿನ ಹೈಕಿಂಗ್ ಶೂ. ಕೆಸರಿಗೆ ಹಲ್ಲುಗಳು ದೂರದೂರ ಇರಬೇಕು, ಇಲ್ಲದಿದ್ದರೆ ನಡುವೆ ಮಣ್ಣು ತುಂಬಿ ಅಟ್ಟೆ ನುಣುಪಾಗುತ್ತದೆ. ಒದ್ದೆ ಕಾಂಕ್ರೀಟಿನಲ್ಲಿ ಹಲ್ಲಿನ ಆಳಕ್ಕಿಂತ ರಬ್ಬರಿನ ಮೆದುತನ ಮುಖ್ಯ. ಉಗುರಿನಿಂದ ಒತ್ತಿದರೆ ತುಸು ಗುರುತು ಬೀಳಬೇಕು. ಗಾಜಿನಂತೆ ಗಟ್ಟಿಯಿರುವ ರಬ್ಬರ್ ಎಷ್ಟು ಹಲ್ಲಿದ್ದರೂ ಜಾರುತ್ತದೆ.

ಊರಿನಿಂದ ಕ್ರಿಕೆಟ್ ಸ್ಪೈಕ್ಸ್ ಒಯ್ಯುವವರೂ, ಬೆಂಗಳೂರಿನಲ್ಲಿ ಅಲ್ಟಿಮೇಟ್ ಫ್ರಿಸ್ಬಿ ಆಡಿ ಸ್ಟಡ್ ಶೂ ಇಟ್ಟುಕೊಂಡವರೂ ಅವನ್ನೇ ಬಳಸಬಹುದೆಂದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಕಾಂಕ್ರೀಟಿನ ಮೇಲೆ ಇಡೀ ಪಾದ ಹತ್ತಾರು ಗುಬುಟುಗಳ ತುದಿಯ ಮೇಲಷ್ಟೇ ನಿಂತಿರುತ್ತದೆ. ಒಂದೋ ಜಾರುತ್ತದೆ, ಇಲ್ಲವೇ ಕಚ್ಚಿಕೊಳ್ಳುತ್ತದೆ.

ಕ್ರಿಕೆಟ್ಟಿನಿಂದ ಒಂದು ಪಾಠ ಮಾತ್ರ ತೆಗೆದುಕೊಳ್ಳಿ. ವೇಗದ ಬೌಲರನ ಹಿಂದಿನ ಕಾಲು ಪಿಚ್ ಮೇಲೆ ಎಳೆದುಕೊಂಡು ಬಂದು ಶೂ ಮೂತಿ ಸವೆಯುವುದನ್ನು ನೋಡಿದ್ದೀರಿ. ಇಲ್ಲೂ ಅದೇ. ಬಲಗೈ ಬ್ಯಾಕ್‌ಹ್ಯಾಂಡಿನಲ್ಲಿ ಎಡಗಾಲಿನ ಉಂಗುಟದ ಭಾಗ ಕಾಂಕ್ರೀಟಿಗೆ ಉಜ್ಜುತ್ತದೆ. ಬಲಗೈಯಲ್ಲಿ ಫೋರ್‌ಹ್ಯಾಂಡ್ (ಅಂಗೈ ಮುಂದೆ ಮಾಡಿ ಪಕ್ಕದಿಂದ) ಹೆಚ್ಚು ಎಸೆಯುವವರಿಗೆ ಊರುವುದು ಎಡಗಾಲು, ಉಜ್ಜುವುದು ಬಲಗಾಲು. ಬರೀ ಜಾಲರಿ ಬಟ್ಟೆಯಿದ್ದರೆ ಬಹುಬೇಗ ತೂತು ಬೀಳುತ್ತದೆ. ಅಟ್ಟೆಯ ರಬ್ಬರ್ ಮೇಲಕ್ಕೆ ಮಡಚಿ ಮೂತಿಯನ್ನು ಮುಚ್ಚಿರುವ ಶೂ ಕೊಳ್ಳಿ. ಇದ್ದ ಶೂಗೇ ರಕ್ಷಣೆ ಬೇಕೆಂದರೆ ಆ ಜಾಗವನ್ನು ಮರಳುಕಾಗದದಿಂದ ಉಜ್ಜಿ, ದೂಳು ಒರೆಸಿ, ‘ಶೂ ಗೂ’ ಎಂಬ ಹೆಸರಿನ ಅಂಟಿನಂಥ ರಬ್ಬರ್ ಅಂಟನ್ನು ತೆಳುವಾಗಿ ಬಳಿದು ಎರಡು ಮೂರು ದಿನ ಒಣಗಲು ಬಿಡಿ. ಅವಸರಕ್ಕೆ ಮರುದಿನವೇ ಹಾಕಿಕೊಂಡರೆ ಸಿಪ್ಪೆಯಂತೆ ಎದ್ದುಬರುತ್ತದೆ.

ಅಂಗಡಿಯಲ್ಲಿ ಶೂವನ್ನು ಕೈಗೆತ್ತಿಕೊಂಡು ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ಮೂತಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಸಲೀಸಾಗಿ ತಿರುಚಿಕೊಂಡರೆ ವಾಪಸ್ ಇಡಿ. ಮಡಚಿದರೆ ಬೆರಳುಗಳ ಬುಡದಲ್ಲಿ ಬಾಗಬೇಕು, ನಟ್ಟನಡುವೆ ಅಲ್ಲ. ಹಿಮ್ಮಡಿಯ ಹಿಂಬದಿಯನ್ನು ಹೆಬ್ಬೆರಳಿನಿಂದ ಒತ್ತಿ, ಒಳಗೆ ಕುಸಿಯಬಾರದು. ಪಾದ ಸಂಜೆ ಹೊತ್ತಿಗೆ ಸ್ವಲ್ಪ ಊದಿರುತ್ತದೆ, ಆಗಲೇ ಹೋಗಿ, ಆಡುವ ದಿನದ ಕಾಲುಚೀಲವನ್ನೇ ತೊಟ್ಟು ನೋಡಿ. ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ. ಜಾಗ ಇರಲಿ. ಇಲ್ಲದಿದ್ದರೆ ಕಾಲು ಊರಿದಾಗಲೆಲ್ಲ ಉಗುರು ಮೂತಿಗೆ ಬಡಿದು ಕಪ್ಪಾಗುತ್ತದೆ. ಹಿಮ್ಮಡಿ ಸಡಿಲವೆನಿಸಿದರೆ ಮೇಲಿನ ಹೆಚ್ಚುವರಿ ತೂತಿಗೆ ಲೇಸನ್ನು ಅದೇ ಬದಿಯಲ್ಲಿ ಪೋಣಿಸಿ ಪುಟ್ಟ ಕುಣಿಕೆ ಬಿಡಿ. ಆ ಬದಿಯ ತುದಿಯನ್ನು ಈ ಬದಿಯ ಕುಣಿಕೆಯೊಳಗೆ, ಈ ಬದಿಯದನ್ನು ಆ ಬದಿಯ ಕುಣಿಕೆಯೊಳಗೆ ತೂರಿಸಿ, ಕೆಳಕ್ಕೆ ಎಳೆದು ಕಟ್ಟಿ.

ನಮ್ಮಲ್ಲಿ ಶೂ ಮೇಲೆ ಇರುವುದು ಸಾಮಾನ್ಯವಾಗಿ ಯು.ಕೆ. ನಂಬರ್. ಅಮೆರಿಕದಲ್ಲಿ ಗಂಡಸರ ಶೂಗೆ ಅದರ ಮೇಲೆ ಅರ್ಧದಿಂದ ಒಂದು ನಂಬರ್ ಸೇರಿಸಬೇಕು, ಕಂಪನಿಯಿಂದ ಕಂಪನಿಗೆ ಬೇರೆ. ಹೆಂಗಸರ ಲೆಕ್ಕವೇ ಬೇರೆ. ನಂಬರ್ ಬಿಟ್ಟು ಸೆಂಟಿಮೀಟರ್ ನಂಬಿ. ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಂತು ಉದ್ದದ ಬೆರಳಿಗೆ ಗೆರೆ ಹಾಕಿ ಅಳೆಯಿರಿ, ಎರಡೂ ಕಾಲು.

ಕಾಡಿನ ನಡುವೆ ಶೂ ಜಾರಿದರೆ ನಿಯಮವೂ ತಪ್ಪುತ್ತದೆ. ಹಿಂದಿನ ಎಸೆತ ನಿಂತ ಜಾಗ ತೋರಿಸುವ ಗುರುತಿನ ಡಿಸ್ಕ್‌ನ ಹಿಂದೆ 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಜಾಗದಲ್ಲಿ, ಎಸೆಯುವ ಕ್ಷಣ ದೇಹದ ಒಂದು ಆಧಾರ ತಾಗಿರಲೇಬೇಕು. ಇಬ್ಬನಿ ಬಿದ್ದ ಇಳಿಜಾರಿನಲ್ಲಿ ಸವೆದ ಅಟ್ಟೆ ಆ ಜಾಗದಿಂದ ಕಾಲನ್ನು ಆಚೆ ತಳ್ಳಿಬಿಡುತ್ತದೆ. ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಊರುವ ಕಾಲಿನ ಶೂ ಹೊರಗಡೆಗೆ ವಾಲಿದ್ದರೆ ಅದರ ಆಯಸ್ಸು ಮುಗಿಯಿತು, ಮೇಲೆ ಎಷ್ಟೇ ಹೊಸದಾಗಿ ಕಾಣಲಿ.

ನೀರು ತಡೆಯುವ ಗೋರ್‌ಟೆಕ್ಸ್ ಪದರದ ಶೂ ಇಬ್ಬನಿಗೆ, ತುಂತುರಿಗೆ ಒಳ್ಳೆಯದು. ಮೇಲಿನಿಂದ ನೀರು ನುಗ್ಗಿದರೆ ಮಾತ್ರ ಒಳಗೇ ನಿಲ್ಲುತ್ತದೆ, ಬೇಸಿಗೆಯಲ್ಲಿ ಕಾಲು ಬೇಯುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆಯಿರುವ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಎರಡು ಜೋಡಿ ಇದ್ದರೆ ಅನುಕೂಲ. ನೆನೆದದ್ದನ್ನು ಹೀಟರ್ ಮುಂದಿಡಬೇಡಿ, ಅಂಟು ಬಿಡುತ್ತದೆ. ಒಳಹಾಸು ತೆಗೆದು ಹಳೇ ಪತ್ರಿಕೆ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ.

ಸ್ಯಾಂಟಾ ಕ್ರೂಸ್‌ನ ಡಿಲಾವಿಯಾಗ ಅಂಕಣದಂಥ ಕಡೆ ಪಾಯ್ಸನ್ ಓಕ್ ಎಂಬ ಗಿಡವಿದೆ, ಕಾಂಡಕ್ಕೆ ಮೂರು ಮೂರು ಎಲೆ. ಅದರ ಎಣ್ಣೆ ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ. ಬರೀ ನೀರಿಗೆ ಅದು ಹೋಗುವುದಿಲ್ಲ, ಶೂ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕಣಕಾಲು ಮುಚ್ಚುವ ಕಾಲುಚೀಲ ಹಾಕಿ. ಶೂವನ್ನು ಬಾಗಿಲ ಹೊರಗೇ ಬಿಟ್ಟು, ಕೈಗವಸು ತೊಟ್ಟು ಸೋಪಿನಿಂದ ತೊಳೆಯಿರಿ. ಲೇಸನ್ನು ಪೂರ್ತಿ ಬಿಚ್ಚಿ ಬೇರೆಯಾಗಿ ಒಗೆಯಿರಿ. ಮುಂದಿನ ಸಲ ಕೈ ಮೊದಲು ಮುಟ್ಟುವುದು ಅದನ್ನೇ.

— ಸ್ಯಾನ್ ಹೊಸೆಯ ಕನ್ನಡಿಗ ಡಿಸ್ಕ್ ಗಾಲ್ಫ್ ಆಟಗಾರರು