ಹೆಸರು ಬರೆಯದೆ ಹೇಳುವ ವಂದನೆಗಳು

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಡಿಮೆನ್ಷಿಯಾ, ಅಂದರೆ ನೆನಪು ಮತ್ತು ತಿಳಿವನ್ನು ಕುಂದಿಸುವ ಮರೆವಿನ ಕಾಯಿಲೆ ಇರುವ ಅಜ್ಜ ಅಥವಾ ಅಜ್ಜಿಯ ಜೊತೆ ಒಂದೇ ಮನೆಯಲ್ಲಿ ಬದುಕುತ್ತಿರುವ ಕಾಲೇಜು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ನನ್ನ ಸಂಶೋಧನೆಯ ವಿಷಯವಾಗಿತ್ತು. ಮಹಾಪ್ರಬಂಧದಲ್ಲಿ ಕೃತಜ್ಞತೆಗೆಂದು ಸಿಕ್ಕಿದ್ದು ಒಂದೂವರೆ ಪುಟ, ಅದೂ ಇಂಗ್ಲಿಷಿನಲ್ಲಿ; ನಾನು ಯಾರಿಗೆ ನಿಜವಾಗಿ ಋಣಿಯಾಗಿದ್ದೇನೋ ಅವರಲ್ಲಿ ಹೆಚ್ಚಿನವರು ಅದನ್ನು ಓದುವವರಲ್ಲ. ಆದ್ದರಿಂದ ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಮೊದಲು ಸಲ್ಲಿಸಿದ ಯೋಜನೆಯಲ್ಲಿ ಡಿಮೆನ್ಷಿಯಾದ ಮಾತೇ ಇರಲಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ಕಂಡುಕೊಂಡಿತ್ತು. ಸಂಸ್ಥೆ ನಮ್ಮದೇ ರಾಜ್ಯದ್ದಾದರೂ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ ಎಂಬ ಸಣ್ಣ ಕೊರಗಿನಿಂದಲೇ ನಾನು ಯುವಜನರ ವಿಷಯವನ್ನು ಕೈಗೆತ್ತಿಕೊಂಡಿದ್ದೆ. ಎರಡನೆಯ ವರ್ಷ ತಿಪಟೂರಿನಿಂದ ಅಣ್ಣನ ಫೋನು ಬಂತು: ನಿವೃತ್ತ ಪೋಸ್ಟ್‌ಮಾಸ್ಟರ್ ಆದ ನಮ್ಮ ತಂದೆ ಪೇಟೆಗೆ ಹೋದವರು ಮನೆಯ ದಾರಿ ತಿಳಿಯದೆ ಬಸ್ ನಿಲ್ದಾಣದಲ್ಲಿ ಕುಳಿತಿದ್ದರು.

ಅದಕ್ಕೂ ಮೊದಲೇ ಸೂಚನೆಗಳು ಇದ್ದವು. ಆದರೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮ ಮನೆಯಲ್ಲಿ ಒಂದೂವರೆ ವರ್ಷವನ್ನು ನುಂಗಿಹಾಕಿತು. ಅದನ್ನು ಹೇಳಿದವರಲ್ಲಿ ನಾನೂ ಒಬ್ಬಳು ಎಂಬುದನ್ನು ಮುಚ್ಚಿಡುವುದಿಲ್ಲ. ಮೊದಲು ನೋಡಿದ ವೈದ್ಯರೊಬ್ಬರು ವಯಸ್ಸಾಯಿತೆಂದು ಶಕ್ತಿಯ ಮಾತ್ರೆ ಬರೆದು ಕಳುಹಿಸಿದರು. ಥೈರಾಯ್ಡ್ ತೊಂದರೆಯಿಂದಲೋ ಬಿ12 ಕೊರತೆಯಿಂದಲೋ ಬಂದ ಮರೆವಾದರೆ ಚಿಕಿತ್ಸೆಯಿಂದ ಸುಧಾರಿಸಬಹುದು, ಆದ್ದರಿಂದ ಮೊದಲು ಅವನ್ನು ನೋಡಬೇಕು ಎಂದು ಹೇಳಿ ರಕ್ತ ಪರೀಕ್ಷೆ ಮಾಡಿಸಿದವರು ನಂತರ ಸಿಕ್ಕ ಇನ್ನೊಬ್ಬ ವೈದ್ಯರು. ಬೆಂಗಳೂರಿಗೆ ಕಳುಹಿಸಿದವರೂ ಅವರೇ. ಅವರಿಗೆ ನನ್ನ ಮೊದಲ ನಮಸ್ಕಾರ.

ನಿಮ್ಹಾನ್ಸ್‌ನಲ್ಲಿ ತಂದೆಯನ್ನು ಕನ್ನಡದಲ್ಲೇ ಮಾತನಾಡಿಸಿ ಪರೀಕ್ಷಿಸಿದ ಯುವ ಮನಶ್ಶಾಸ್ತ್ರಜ್ಞೆಗೆ ಎರಡನೆಯದು. ಐದು ನಿಮಿಷದ ಹಿಂದೆ ಹೇಳಿದ ಮೂರು ಪದಗಳಲ್ಲಿ ಒಂದನ್ನೂ ತಂದೆ ನೆನಪಿಸಿಕೊಳ್ಳಲಿಲ್ಲ; ಬರೆದ ಗಡಿಯಾರದ ಅಂಕಿಗಳೆಲ್ಲ ಒಂದೇ ಬದಿಗೆ ಸೇರಿದ್ದವು. ಊರು ಯಾವುದೆಂದು ಕೇಳಿದಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ‘ತಿಪಟೂರು, 572201. ತುಮಕೂರು ಹೆಡ್ ಆಫೀಸು 572101’ ಎಂದರು. ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಆಲ್ಜೈಮರ್ ಕಾಯಿಲೆ ಮಿದುಳಿನಲ್ಲಿ ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಭಾಗವನ್ನು ಮೊದಮೊದಲೇ ಹಿಡಿಯುವುದರಿಂದ ಹಳೆಯ ನೆನಪು ಹೆಚ್ಚು ಕಾಲ ಉಳಿಯುತ್ತದೆ ಎಂಬುದು ನನಗೆ ಗೊತ್ತಿದ್ದ ಪಾಠವೇ. ಆ ಹುಡುಗಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು. ಆದರೂ ಆಕೆ ಪೆನ್ನು ಕೆಳಗಿಟ್ಟು ‘ಗುಬ್ಬಿದೂ ಹೇಳಿ ಸಾರ್’ ಎಂದು ಕೇಳಿದಳು. ಅಂಕ ಹಾಕುವ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಸಂಶೋಧನೆ ಬಿಡುತ್ತೇನೆಂದು ಹೇಳಲು ಹೋದಾಗ ನನ್ನ ಮಾರ್ಗದರ್ಶಕರು ವಾದಕ್ಕೆ ಇಳಿಯದೆ, ಎರಡು ತಿಂಗಳು ಊರಲ್ಲಿದ್ದು ಬನ್ನಿ, ಆಮೇಲೆ ನೋಡೋಣ ಎಂದರು. ಆ ಎರಡು ತಿಂಗಳಲ್ಲಿ ನನ್ನ ಕಣ್ಣಿಗೆ ಬಿದ್ದವನು ಅಣ್ಣನ ಮಗ. ದ್ವಿತೀಯ ಪಿಯುಸಿಯಲ್ಲಿದ್ದ ಅವನು ತಾತನ ಕೋಣೆಯಲ್ಲೇ ಮಲಗುತ್ತಿದ್ದ. ಬೆಳಗಿನ ಜಾವ ಮೂರಕ್ಕೆ ತಾತ ಎದ್ದು ಟಪಾಲು ಚೀಲ ಬಂತೇ ಎಂದು ಬಾಗಿಲು ತೆಗೆಯಲು ಹೋದರೆ ಎದ್ದು ಹಿಂದೆ ಹೋಗುತ್ತಿದ್ದವನೂ ಅವನೇ. ಮನೆಯ ಹಿರಿಯರಾದ ನಮಗೆ ಅದು ತಿಳಿದದ್ದು ಅವನ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಬಂದ ಮೇಲೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದಾರೆಂಬ ಅಂದಾಜು 2023ರಲ್ಲಿ ಪ್ರಕಟವಾಗಿತ್ತು. ಹುಡುಗರ ಲೆಕ್ಕ ಒಂದು ಕಡತದಲ್ಲಿ, ಮುದುಕರ ಲೆಕ್ಕ ಮತ್ತೊಂದು ಕಡತದಲ್ಲಿ. ನಮ್ಮ ಮನೆಯಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದರು. ಹಿಂದಿರುಗಿ ಮಾರ್ಗದರ್ಶಕರಿಗೆ ಇಷ್ಟನ್ನೇ ಹೇಳಿದೆ. ವಿಷಯ ಬದಲಿಸುವ ಅರ್ಜಿಗೆ ಅವರು ಅಂದೇ ಸಹಿ ಹಾಕಿದರು.

ಇನ್ನು ವಿದ್ಯಾರ್ಥಿಗಳು. ಅವರ ಹೆಸರನ್ನಾಗಲಿ ಊರನ್ನಾಗಲಿ ಬರೆಯುವುದಿಲ್ಲವೆಂದು ಲಿಖಿತವಾಗಿ ಮಾತು ಕೊಟ್ಟಿದ್ದೇನೆ, ಆದ್ದರಿಂದ ಈ ವಂದನೆ ಯಾರಿಗೆ ಸಲ್ಲಬೇಕೋ ಅವರೇ ಗುರುತಿಸಿ ತೆಗೆದುಕೊಳ್ಳಬೇಕು. ನನ್ನ ಪ್ರಶ್ನಾವಳಿ ಅವರ ಮುಂದೆ ಮೊದಲ ದಿನವೇ ಸೋತಿತು. ಅದರಲ್ಲಿ ಅಚ್ಚಾಗಿದ್ದ ‘ಖಿನ್ನತೆ’ ಎಂಬ ಪದ ಅವರಿಗೆ ಪಠ್ಯಪುಸ್ತಕದ್ದು. ಅವರು ಹೇಳುತ್ತಿದ್ದುದು ಬೇಜಾರು, ಟೆನ್ಷನ್, ತಲೆ ಓಡಲ್ಲ, ಎದೆ ಭಾರ. ಕಳೆದ ಎರಡು ವಾರಗಳಲ್ಲಿ ನಿದ್ರೆಯ ತೊಂದರೆ ಇತ್ತೇ ಎಂಬ ಪ್ರಶ್ನೆಗೆ ಒಬ್ಬ ಹುಡುಗ, ‘ನಿದ್ದೆ ಬರುತ್ತೆ ಮೇಡಂ, ತಾತ ಬಿಡಲ್ಲ’ ಎಂದ. ಆ ಉತ್ತರವನ್ನು ಯಾವ ಚೌಕದಲ್ಲಿ ಗುರುತು ಮಾಡಬೇಕೆಂಬ ಚರ್ಚೆ ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯವಾಯಿತು.

ಅವರಲ್ಲಿ ಒಬ್ಬ ಹುಡುಗಿಯ ಅಜ್ಜಿ ದಿನವೂ ಮುಸ್ಸಂಜೆಗೆ ತವರಿಗೆ ಹೋಗಬೇಕೆಂದು ಹಟ ಹಿಡಿಯುತ್ತಿದ್ದರು. ಈಕೆ ಇಬ್ಬರ ಚಪ್ಪಲಿಯನ್ನೂ ತಂದಿಟ್ಟು, ಕೈ ಹಿಡಿದು ಬೀದಿಯ ಕೊನೆಯವರೆಗೆ ನಡೆಸಿ, ಹುಣಸೆಮರ ಸುತ್ತಿಸಿಕೊಂಡು ಮನೆಗೆ ಕರೆತಂದು, ‘ಬಂತಲ್ಲ ಅಜ್ಜಿ’ ಎನ್ನುತ್ತಿದ್ದಳು. ಅಜ್ಜಿಗೆ ನಿಜ ಹೇಳಬೇಕೆನಿಸುವುದಿಲ್ಲವೇ ಎಂದು ಕೇಳಿದೆ. ‘ಅಜ್ಜಿ ಸುಳ್ಳು ಹೇಳ್ತಿಲ್ಲ ಮೇಡಂ, ಅವ್ರಿಗೆ ಹಂಗೇ ಕಾಣ್ತದೆ. ನಾನ್ಯಾಕೆ ವಾದ ಮಾಡ್ಲಿ?’ ಎಂದಳು. ಡಿಮೆನ್ಷಿಯಾ ಇರುವವರನ್ನು ಮಾತುಮಾತಿಗೂ ತಿದ್ದಬಾರದೆಂದು ನಾನು ಹತ್ತಾರು ಲೇಖನಗಳಲ್ಲಿ ಓದಿದ್ದೆ, ತರಬೇತಿಯಲ್ಲಿ ಇತರರಿಗೆ ಹೇಳಿಯೂ ಇದ್ದೆ. ಆದರೂ ಪ್ರತಿ ಭಾನುವಾರ ತಿಪಟೂರಿಗೆ ಹೋಗಿ, ಗೋಡೆಯ ಕ್ಯಾಲೆಂಡರ್ ಇಳಿಸಿ, ನೀವು ನಿವೃತ್ತರಾಗಿ ಎಷ್ಟು ವರ್ಷವಾಯಿತು ಲೆಕ್ಕ ಹಾಕಿ ಎಂದು ತಂದೆಯನ್ನು ಪೀಡಿಸುತ್ತಿದ್ದವಳು ನಾನೇ. ಆ ವಾರ ಕ್ಯಾಲೆಂಡರ್ ಇಳಿಸಲಿಲ್ಲ.

ಅದೇ ಹುಡುಗಿ ಆ ವರ್ಷ ಎರಡು ಆಂತರಿಕ ಪರೀಕ್ಷೆಗಳನ್ನು ತಪ್ಪಿಸಿಕೊಂಡಿದ್ದಳು. ‘ಎಂಥ ಒಳ್ಳೆಯ ಮೊಮ್ಮಗಳು’ ಎಂದು ಊರೆಲ್ಲ ಹೊಗಳುತ್ತಿತ್ತು. ನನ್ನ ಮಟ್ಟಿಗೆ ಇಂಥ ಹೊಗಳಿಕೆ ಅಪಾಯಕಾರಿ; ಹೊಗಳಿಸಿಕೊಂಡ ಮಗು ಆಮೇಲೆ ಸುಸ್ತಾಗಿದೆ ಎಂದು ಬಾಯಿ ಬಿಡುವುದಿಲ್ಲ. ಒಂದು ರಾತ್ರಿ ಅವಳು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿದ್ದಳಂತೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಉಚಿತ ಸೇವೆಯ ಸಂಖ್ಯೆಯನ್ನು ಅವಳಿಗೆ ಕೊಟ್ಟವರು ಯುವಜನರಿಗೆ ನೆರವಾಗುವ ರಾಜ್ಯದ ಯುವ ಸ್ಪಂದನ ಕಾರ್ಯಕ್ರಮದಲ್ಲಿ ದುಡಿಯುವ ಯುವ ಪರಿವರ್ತಕರೊಬ್ಬರು. ಮುಕ್ಕಾಲು ಗಂಟೆ ಕನ್ನಡದಲ್ಲಿ ಅವಳ ಮಾತು ಕೇಳಿಸಿಕೊಂಡ ಆ ಆಪ್ತಸಮಾಲೋಚಕರು ಯಾರೆಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರಿಗೆ ಕೈಮುಗಿಯುತ್ತೇನೆ.

ನಾಲ್ಕು ವರ್ಷ ತಂದೆಯ ಸ್ನಾನ, ಊಟ, ಮಾತ್ರೆಗಳನ್ನು ನೋಡಿಕೊಂಡ ಅತ್ತಿಗೆಗೆ ವಂದನೆ ಎಂಬ ಪದ ಸಾಲದು. ಪದವಿ ನನಗೆ ಬಂದರೂ ಕ್ಷೇತ್ರಕಾರ್ಯ ಅವರದು ಎಂದು ಅಣ್ಣ ತಮಾಷೆ ಮಾಡುತ್ತಾನೆ; ನನಗೆ ಅದು ತಮಾಷೆಯಾಗಿ ಕೇಳಿಸುವುದಿಲ್ಲ. ತಂದೆ ಒಬ್ಬರೇ ಕಂಡರೆ ಬಾಡಿಗೆ ಕೇಳದೆ ಮನೆಗೆ ತಂದು ಬಿಟ್ಟ ಆಟೊ ಚಾಲಕರಿಗೂ, ಒಂದೇ ದಿನ ಮೂರು ಸಲ ಅಂಚೆಚೀಟಿ ಕೇಳಲು ಹೋದರೂ ‘ನಾಳೆ ಬರುತ್ತೆ ಸಾರ್’ ಎಂದು ಕೂರಿಸಿ ಚಹಾ ಕೊಟ್ಟ ದಿನಸಿ ಅಂಗಡಿಯವರಿಗೂ ನಾವು ಋಣಿಗಳು.

ಮೌಖಿಕ ಪರೀಕ್ಷೆಯ ಮರುದಿನ ಊರಿಗೆ ಹೋಗಿ ರಟ್ಟು ಕಟ್ಟಿದ ಪ್ರಬಂಧವನ್ನು ತಂದೆಯ ಕೈಗಿಟ್ಟೆ. ನಾನು ಯಾರೆಂದು ಅಂದು ಅವರಿಗೆ ತಿಳಿದಂತಿರಲಿಲ್ಲ. ಪುಟ ತೆರೆಯದೆ ಅಂಗೈ ಮೇಲಿಟ್ಟು ಎರಡು ಸಲ ತೂಗಿ ನೋಡಿ, ‘ಇದು ಸಾದಾ ಟಪಾಲಲ್ಲಿ ಬೇಡಮ್ಮ, ಕಳೆದುಹೋಗುತ್ತೆ. ರಿಜಿಸ್ಟರ್ ಮಾಡಿಸಿ’ ಎಂದರು.

‘ಎಷ್ಟಾಗುತ್ತೆ ಸಾರ್?’ ಎಂದು ಕೇಳಿದೆ.