ಜೋಕರ್ ಮೊದಲು ನಗಿಸಲಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯ ಭಯಾನಕ ಕಥೆಗಳಲ್ಲಿ ಈಚೆಗೆ ಮೋಹಿನಿ, ಕೊಳ್ಳಿದೆವ್ವಗಳು ಹಿಂದೆ ಸರಿದು ಸರ್ಕಸ್ ಜೋಕರ್ ಮುಂದೆ ಬಂದಿದ್ದಾನೆ. ಬರಲಿ, ತಕರಾರಿಲ್ಲ. ಆದರೆ ಮೊದಲ ಸಾಲಿಗೇ ಕೈಯಲ್ಲಿ ಮಚ್ಚು, ತುಟಿಯಲ್ಲಿ ರಕ್ತ, ಮೇಲೆ ಅಮಾವಾಸ್ಯೆ! ಹೀಗೆ ಬರುವವನು ಜೋಕರನೇ ಆಗಬೇಕೆಂದಿಲ್ಲ, ಯಾವ ಪಿಶಾಚಿಯನ್ನು ಕರೆತಂದರೂ ಕಥೆ ನಡೆದೀತು.

ಶಿರಸಿಯಲ್ಲಿ ಹೋಳಿಗೆ ಬೀದಿಯಲ್ಲಿ ಕುಣಿಯುವ ಬೇಡರ ವೇಷ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಮಾರಿಜಾತ್ರೆ ಇಲ್ಲದ ವರ್ಷ, ಹೋಳಿಯ ರಾತ್ರಿಗಳಲ್ಲಿ ಬೇಡ ಬರುವುದೇ ತಮಟೆಯ ಸದ್ದಿನೊಂದಿಗೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ. ಕಟ್ಟಿದ ಹಗ್ಗ ಹಿಡಿದು ಎಳೆಯುವವರು ಬೇರೆ. ಓಡಬೇಕೆಂದು ಮಗುವಿಗೆ ದೂರದಿಂದಲೇ ಗೊತ್ತಾಗುತ್ತದೆ. ಅದೇ ಮಗು ಜೋಕರ್ ಕಂಡರೆ ತಾನಾಗಿಯೇ ಹತ್ತಿರ ಹೋಗುತ್ತದೆ. ಕಥೆಗಾರ ಹಿಡಿಯಬೇಕಾದದ್ದು ಆ ನಾಲ್ಕು ಹೆಜ್ಜೆಗಳನ್ನು.

ಸ್ಟೀಫನ್ ಕಿಂಗ್ 1986ರ ‘ಇಟ್’ ಕಾದಂಬರಿಯಲ್ಲಿ ಮಾಡಿದ್ದು ಇದನ್ನೇ. ಮಳೆಯಲ್ಲಿ ಹುಡುಗನ ಕಾಗದದ ದೋಣಿ ಗಟಾರಕ್ಕೆ ಬೀಳುತ್ತದೆ. ಒಳಗಿನಿಂದ ಜೋಕರ್ ಮಾತಾಡಿಸುತ್ತಾನೆ. ಅಪರಿಚಿತರಿಂದ ಏನೂ ತಗೋಬಾರದೆಂದು ಅಪ್ಪ ಹೇಳಿದ್ದಾರೆ ಎಂದು ಹುಡುಗ ಅಂದರೆ, ಜೋಕರ್ ‘ನಿಮ್ಮಪ್ಪ ಜಾಣರು’ ಎಂಬ ಧಾಟಿಯಲ್ಲಿ ಒಪ್ಪಿಕೊಂಡು, ತನ್ನ ಹೆಸರು ಹೇಳಿ ‘ಈಗ ಪರಿಚಯವಾಯಿತಲ್ಲ’ ಅನ್ನುತ್ತಾನೆ. ಸರ್ಕಸ್ಸಿನ ತಿಂಡಿಯ ವಾಸನೆ ಬರುತ್ತದೆ. ಕೈ ಹಿಡಿದು ಎಳೆಯುವುದು ಇಷ್ಟೆಲ್ಲ ಆದಮೇಲೆ. ಆಷಾಢದ ಮಳೆ, ತುಂಬಿ ಹರಿಯುವ ಗಟಾರ ಕಾರವಾರದಲ್ಲೇನು ಕಡಿಮೆಯೇ? ಅಮೆರಿಕದ ಊರನ್ನು ಎರವಲು ತರಬೇಕಿಲ್ಲ.

ಎಡ್ಗರ್ ಅಲನ್ ಪೋ 1849ರಲ್ಲಿ ಬರೆದ ‘ಹಾಪ್-ಫ್ರಾಗ್’ನ ವಿದೂಷಕನ ದಾರಿ ಬೇರೆ. ಅವನಿಗೆ ಅವಮಾನದ ಸೇಡಿದೆ. ರಾಜನಿಗೂ ಏಳು ಮಂತ್ರಿಗಳಿಗೂ ಟಾರು, ನಾರು ಮೆತ್ತಿ ಒರಾಂಗುಟಾನ್ ವೇಷ ಕಟ್ಟಿಸಿ, ಸರಪಳಿ ಬಿಗಿದು ಬೆಂಕಿ ಇಡುತ್ತಾನೆ. ಅಲ್ಲೂ ಕೊನೆಯತನಕ ಅದು ತಮಾಷೆಯೆಂದೇ ಎಲ್ಲರೂ ನಂಬಿರುತ್ತಾರೆ. ಕಾರಣ ಕೊಡುವುದಾದರೆ ಹೀಗೆ ಪೂರ್ತಿ ಕೊಡಬೇಕು, ಇಲ್ಲದಿದ್ದರೆ ಕೊಡಲೇಬಾರದು. ಕೊನೆಯ ಪ್ಯಾರಾದಲ್ಲಿ ‘ಬಾಲ್ಯದಲ್ಲಿ ಅವನನ್ನು ಎಲ್ಲರೂ ಗೇಲಿ ಮಾಡಿದ್ದರು’ ಎಂದು ತೇಪೆ ಹಾಕಿದರೆ ಇದ್ದ ಭಯವೂ ಹೋಗುತ್ತದೆ.

ಕಾಲೇಜು ಗ್ಯಾದರಿಂಗುಗಳಲ್ಲಿ ಇಂಥ ಪಾತ್ರ ಮಾಡುವವರಿಗೂ ಒಂದು ಮಾತು. ಸರ್ಕಸ್ಸಿನವರು ಬಾಯಿಯ ತುದಿಯನ್ನು ದುಂಡಗೆ ಬರೆಯುತ್ತಾರೆ, ಚೂಪಾದರೆ ಮಕ್ಕಳು ಬೆದರುತ್ತಾರೆಂದು. ನಿಮಗೆ ಬೇಕಾದದ್ದು ಚೂಪು, ಆದರೆ ಸ್ವಲ್ಪವೇ. ಬಣ್ಣದ ಬಾಯಿ ನಗುತ್ತಿರಲಿ, ಅದರೊಳಗಿನ ನಿಜವಾದ ತುಟಿ ಮುಚ್ಚಿಕೊಂಡಿರಲಿ. ನಟ ಹಲ್ಲು ಕಿರಿದನೋ, ಎರಡೂ ಒಂದಾಗಿ ಬರೀ ನಗು ಉಳಿಯುತ್ತದೆ. ಕರಾವಳಿಯ ಸೆಕೆಗೆ ಬಿಳಿಯನ್ನು ತೆಳ್ಳಗೆ ಬಳಿಯಿರಿ. ಮೇಲೆ ಪೌಡರ್ ಒತ್ತಿ, ಐದು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಕೊಡವಿ ಆಮೇಲೆ ಕೆಂಪು ಹಚ್ಚಿ, ಅದಕ್ಕೂ ಪೌಡರ್ ಒತ್ತಿ. ಎಣ್ಣೆಯ ಪಸೆ ಉಳಿದರೆ ಕೆಂಪು ಬಿಳಿಗೆ ಇಳಿದು, ಎರಡನೇ ದೃಶ್ಯಕ್ಕೆ ಮುಖವೆಲ್ಲ ಗುಲಾಬಿ.

ಕೊನೆಗೆ ತಮ್ಮಲ್ಲೊಂದು ವಿನಂತಿ. ಪುರವಣಿಯ ಚಿತ್ರಕಾರರು ಶೀರ್ಷಿಕೆಯ ಪಕ್ಕದಲ್ಲೇ ಜೋಕರ್‌ಗೆ ಕೋರೆಹಲ್ಲು ಬರೆದುಬಿಡುತ್ತಾರೆ. ಕಥೆಗಾರ ಎರಡು ಪುಟ ಬಚ್ಚಿಟ್ಟದ್ದು ಓದುವ ಮೊದಲೇ ಬಯಲು. ಒಂದು ಬಲೂನು ಬರೆದರೆ ಸಾಕು.

— ಕೆಲವು ಹವ್ಯಾಸಿ ರಂಗಕರ್ಮಿಗಳು, ಕಾರವಾರ